ಕ್ರಿಗ್ಸ್‌ಬಾರ್ನ್: ಒಂದು ಸಮಾಸಪದದ ಹುಟ್ಟು

1945ರ ಮೇ 8ರಂದು ನಾರ್ವೆ ಜರ್ಮನರ ಹಿಡಿತದಿಂದ ಬಿಡುಗಡೆಯಾಯಿತು. ಐದು ವರ್ಷ ಇಂಗ್ಲೆಂಡಿನಲ್ಲಿ ಆಶ್ರಯ ಪಡೆದಿದ್ದ ದೊರೆ ಏಳನೆಯ ಹಾಕೊನ್ ಜೂನ್ 7ರಂದು ಓಸ್ಲೋ ಬಂದರಿನಲ್ಲಿ ಇಳಿದಾಗ ರಾಜಧಾನಿಗೆ ರಾಜಧಾನಿಯೇ ಬೀದಿಗೆ ಬಂದಿತ್ತು. ಆ ಸಡಗರದ ಬೇಸಿಗೆ ಮುಗಿಯುವ ಮೊದಲೇ ಸರಕಾರ ಒಂದು ಸಮಿತಿಯನ್ನು ನೇಮಿಸಿತು. ಇಂಗೆ ಡೇಬೆಸ್ ಎಂಬ ಕಾನೂನು ಪಂಡಿತರು ಅದರ ಅಧ್ಯಕ್ಷರು. ಜರ್ಮನ್ ಸೈನಿಕರಿಗೂ ನಾರ್ವೆಯ ಹೆಣ್ಣುಮಕ್ಕಳಿಗೂ ಹುಟ್ಟಿದ ಮಕ್ಕಳನ್ನು ಏನು ಮಾಡಬೇಕು ಎಂಬುದು ಅವರ ಮುಂದಿದ್ದ ಪ್ರಶ್ನೆ. ಸಮಿತಿಯ ಹೆಸರಿನಲ್ಲೇ ಆ ಮಕ್ಕಳಿಗೊಂದು ಹೆಸರಿತ್ತು: ಕ್ರಿಗ್ಸ್‌ಬಾರ್ನ್. ಕನ್ನಡದಲ್ಲಿ ಹೇಳುವುದಾದರೆ ಯುದ್ಧಶಿಶು. ಇನ್ನೂ ಸರಳವಾಗಿ, ಯುದ್ಧದ ಮಗು.

ಅದೇ ಮಕ್ಕಳಿಗೆ ಬೀದಿಯಲ್ಲಿ ಬೇರೆ ಹೆಸರಿತ್ತು. ಟುಸ್ಕರುಂಗೆ. 'ಟುಸ್ಕರ್' ಎಂದರೆ ಜರ್ಮನ್ ಮನುಷ್ಯ. 'ಉಂಗೆ' ಎಂದರೆ ಮರಿ. ಬೆಕ್ಕಿನ ಮರಿ, ಹಕ್ಕಿಮರಿ ಎನ್ನುವಾಗ ಬರುವ ಪದ ಇದು. ಮನೆಯ ಮಕ್ಕಳನ್ನು ಸಲುಗೆಯಿಂದ ಕರೆಯುವಾಗಲೂ ಬರುತ್ತದೆ. ಆದರೆ ಮುಂದೆ 'ಟುಸ್ಕರ್' ಬಂದು ಸೇರಿದ ಕೂಡಲೇ ಸಲುಗೆ ಹೋಗಿ ಮೃಗವೊಂದೇ ಉಳಿಯುತ್ತದೆ. ತಾಯಿಗೆ ಇನ್ನೊಂದು ಪದ: ಟುಸ್ಕರ್‌ಟೋಸ್, ಜರ್ಮನರ ಬಜಾರಿ. ಈ ಮೂರೂ ಸಮಾಸಪದಗಳೇ. ಒಂದು ಕಚೇರಿಯ ಕಾಗದದಲ್ಲಿತ್ತು, ಎರಡು ಜನರ ಬಾಯಲ್ಲಿದ್ದವು. ಬೀದಿಯ ಹೆಸರನ್ನು ಕಳಚಿ ಕಚೇರಿಯ ಹೆಸರನ್ನು ತಾವಾಗಿ ತೊಡಲು ಆ ಮಕ್ಕಳಿಗೆ ನಲವತ್ತು ವರ್ಷ ಬೇಕಾಯಿತು. ಅದರ ಕಥೆಗೆ ಹೋಗುವ ಮೊದಲು ಪದವನ್ನೊಮ್ಮೆ ಬಿಡಿಸಿ ನೋಡೋಣ.

'ಕ್ರಿಗ್' ಎಂದರೆ ಯುದ್ಧ. ಇದು ನಾರ್ವೆಯ ಮಣ್ಣಿನ ಹಳೆಯ ಪದವಲ್ಲ. ಪ್ರಾಚೀನ ನಾರ್ಸ್ ಭಾಷೆಯಲ್ಲಿ ಯುದ್ಧಕ್ಕೆ ಇದ್ದ ಮಾತುಗಳಲ್ಲೊಂದು 'ಓಫ್ರಿಥ್'. 'ಫ್ರಿಥ್' ಎಂದರೆ ಶಾಂತಿ. 'ಓ' ಎಂಬುದು ನಮ್ಮ 'ಅ' ಇದ್ದಂತೆ, ಇಲ್ಲವೆನ್ನುವ ಅಕ್ಷರ. ಅಂದರೆ ಅಶಾಂತಿ. ಆ ಪದ 'ಉಫ್ರೇದ್' ಎಂಬ ರೂಪದಲ್ಲಿ ಇಂದಿಗೂ ಅಲ್ಲಿ ಬದುಕಿದೆ. ಯುದ್ಧಕ್ಕೆ ತನ್ನದೇ ಆದ ಹೆಸರನ್ನೂ ಕೊಡದೆ, ಶಾಂತಿ ಇಲ್ಲದಿರುವಿಕೆ ಎಂದಷ್ಟೇ ಕರೆದ ಆ ಹಳಬರ ಮಾತು ನನಗೆ ಬಹಳ ಹಿಡಿಸಿತು. 'ಕ್ರಿಗ್' ಆಮೇಲೆ ಬಂದದ್ದು, ಉತ್ತರ ಜರ್ಮನಿಯಿಂದ. ಮಧ್ಯಯುಗದಲ್ಲಿ ಲ್ಯೂಬೆಕ್ ಮೊದಲಾದ ನಗರಗಳ ವರ್ತಕರು 'ಹಾನ್ಸಾ' ಎಂಬ ಕೂಟ ಕಟ್ಟಿಕೊಂಡು ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳ ವ್ಯಾಪಾರವನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಂಡಿದ್ದರು. ನಾರ್ವೆಯ ಬೆರ್ಗೆನ್ ಬಂದರಿನಲ್ಲಿ ಹದಿನಾಲ್ಕನೆಯ ಶತಮಾನದಿಂದ ಅವರ ಕೋಠಿ ಇತ್ತು. ಧಾನ್ಯ ತಂದು ಮಾರುವುದು, ಒಣಮೀನು ಕೊಂಡು ಒಯ್ಯುವುದು ಅವರ ಕಸುಬು. ಅವರ ಕೆಳಜರ್ಮನ್ ನುಡಿಯ ಪದಗಳು ದಂಡಿಯಾಗಿ ಡ್ಯಾನಿಶ್, ಸ್ವೀಡಿಶ್, ನಾರ್ವೇಜಿಯನ್ ಭಾಷೆಗಳಿಗೆ ಸೇರಿಕೊಂಡವು. ಅರ್ಜಿ, ಜಮೀನು, ದಾಖಲೆ, ತಹಶೀಲ್ದಾರ ಎನ್ನುವಾಗ ನಾವು ಯಾರೂ ಇವು ಹೊರಗಿನ ಪದಗಳೆಂದು ನೆನೆಸುವುದಿಲ್ಲವಲ್ಲ, ಹಾಗೆಯೇ 'ಕ್ರಿಗ್' ಕೂಡ ಅಲ್ಲಿ ಮನೆಮಾತಾಗಿ ಹೋಯಿತು.

'ಬಾರ್ನ್' ಎಂದರೆ ಮಗು. ಇದು ಅಪ್ಪಟ ಅಲ್ಲಿಯದೇ ಪದ; ಸಾವಿರ ವರ್ಷಗಳ ಹಿಂದಿನ ನಾರ್ಸ್‌ನಲ್ಲೂ ಅದು 'ಬಾರ್ನ್' ಎಂದೇ ಇತ್ತು. ಹೊರುವುದು, ಹೆರುವುದು ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ಹೊತ್ತು ಹೆತ್ತದ್ದು ಬಾರ್ನ್. ಈ ಧಾತು ನಮಗೆ ಅಪರಿಚಿತವೂ ಅಲ್ಲ. ಸಂಸ್ಕೃತದ 'ಭೃ' ಅದರದೇ ಬಳಗ. ನಾವು ಹೊರುವ ಭಾರ, ನಾವು ಭರಿಸುವ ಖರ್ಚು, ಎಲ್ಲ ಅಲ್ಲಿಂದಲೇ ಬಂದವು. ಫಾರ್ಸಿಯ 'ಬುರ್ದನ್' ಅದರ ಇನ್ನೊಂದು ಕವಲು. ದಾರಿ ತೋರಿಸಿ ಕರೆದೊಯ್ಯುವವನು ರಹಬರ್, ಮನಸ್ಸನ್ನು ಹೊತ್ತೊಯ್ಯುವವನು ದಿಲ್ಬರ್, ಸಂದೇಶವನ್ನು ಹೊತ್ತು ತರುವವನು ಪೈಗಂಬರ್. ಆ 'ಬರ್' ಮತ್ತು ಈ 'ಬಾರ್ನ್' ದೂರದ ದಾಯಾದಿಗಳು. ಉರ್ದು ಶಾಲೆಯಲ್ಲಿ ಕಲಿತ ಪದವೊಂದು ಧ್ರುವದ ಹತ್ತಿರದ ದೇಶದಲ್ಲಿ ಮಗುವಾಗಿ ಎದುರಾದರೆ ಯಾರಿಗೆ ತಾನೆ ಸಂತೋಷವಾಗದು!

ಈಗ ಎರಡನ್ನೂ ಕೂಡಿಸಿ ನೋಡಿ. ಮೊದಲ ಭಾಗ ಸಮುದ್ರ ದಾಟಿ ಬಂದ ಜರ್ಮನ್ ಪದ. ಎರಡನೆಯ ಭಾಗ ನಾರ್ವೆಯ ತಾಯಿಮನೆಯ ಪದ. ನಡುವಿನ 'ಸ್' ಒಂದು ಕೊಂಡಿ, ಹಿಂದೊಮ್ಮೆ ಷಷ್ಠೀ ವಿಭಕ್ತಿಯ ಗುರುತಾಗಿದ್ದುದು. ಯಾವ ಮಕ್ಕಳಿಗೆ ಈ ಹೆಸರು ಬಂತೋ ಅವರ ಹುಟ್ಟಿನ ಚೀಟಿಯೇ ಪದದೊಳಗಿದೆ. ಸಮಿತಿಯವರು ಇದನ್ನು ಯೋಚಿಸಿ ಆರಿಸಿದರೆಂದಲ್ಲ. ಭಾಷೆ ಇಂಥ ಕೆಲಸಗಳನ್ನು ಯಾರನ್ನೂ ಕೇಳದೆ ಮಾಡುತ್ತದೆ.

ಕನ್ನಡ ವ್ಯಾಕರಣ ಓದಿದವರಿಗೆ ಇಲ್ಲಿ ಒಂದು ಮಾತು ನೆನಪಾಗದೆ ಇರದು. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಕೂಡಿಕೆ ಮಾಡಬಾರದು, ಮಾಡಿದರೆ ಅದು ಅರಿಸಮಾಸ ಎಂದು ಕೇಶಿರಾಜನಂಥ ವೈಯಾಕರಣರು ಎಚ್ಚರಿಸಿದ್ದಾರೆ. 'ಅರಿ' ಎಂದರೆ ಶತ್ರು. ಮೇಷ್ಟರು ಇದನ್ನು ಪಾಠ ಮಾಡುವಾಗ ವ್ಯಾಕರಣದೊಳಗೆ ಶತ್ರುಗಳು ಎಲ್ಲಿಂದ ಬಂದರು ಎಂದು ತರಗತಿಗೆ ತರಗತಿಯೇ ನಗುತ್ತಿತ್ತು. ಕೇಶಿರಾಜನ ಶಾಸ್ತ್ರವೇ ಕೆಲವು ಕಡೆ ವಿನಾಯಿತಿ ಕೊಟ್ಟಿದೆ. ಬಿರುದುಗಳಲ್ಲಿ, ಕ್ರಿಯಾಸಮಾಸದಲ್ಲಿ ಅದು ದೋಷವಲ್ಲ. ಜನರಂತೂ ಯಾವ ವಿನಾಯಿತಿಗೂ ಕಾಯಲಿಲ್ಲ. ಅರಬ್ಬಿ ಮೂಲದ 'ಜಿಲ್ಲಾ'ಕ್ಕೆ ಸಂಸ್ಕೃತದ 'ಅಧಿಕಾರಿ'ಯನ್ನು ಸೇರಿಸಿ, ಸಾಲದೆಂದು ಸವರ್ಣದೀರ್ಘ ಸಂಧಿಯನ್ನೂ ಮಾಡಿ, ಜಿಲ್ಲಾಧಿಕಾರಿಯನ್ನು ಕುರ್ಚಿಯ ಮೇಲೆ ಕೂರಿಸಿದ್ದೇವೆ. ನಾರ್ವೆಯಲ್ಲಿ ಪದಗಳ ಅರಿಸಮಾಸವನ್ನು ಯಾರೂ ಆಕ್ಷೇಪಿಸಲಿಲ್ಲ. ಮನುಷ್ಯರ ಅರಿಸಮಾಸ ಅವರಿಗೆ ಸಹಿಸಲಾಗಲಿಲ್ಲ.

ಇನ್ನೊಂದು ವಿಷಯ. ನಮ್ಮ ತತ್ಪುರುಷದಲ್ಲಿದ್ದಂತೆ ನಾರ್ವೇಜಿಯನ್ ಸಮಾಸದಲ್ಲೂ ಉತ್ತರಪದವೇ ಪ್ರಧಾನ. ಕ್ರಿಗ್ಸ್‌ಬಾರ್ನ್ ಒಂದು ಬಗೆಯ ಮಗು. ಟುಸ್ಕರುಂಗೆ ಒಂದು ಬಗೆಯ ಮರಿ. ಆದರೆ ಬಾಯಲ್ಲಿ ಹೇಳುವಾಗ ಒತ್ತು ಬೀಳುವುದು ಮೊದಲ ಪದದ ಮೇಲೆ. ವ್ಯಾಕರಣ 'ಮಗು' ಎನ್ನುತ್ತದೆ, ನಾಲಗೆ 'ಯುದ್ಧ' ಎನ್ನುತ್ತದೆ. ಉರ್ದುವಿನಲ್ಲಿ ಶಹಜಾದಾ ಎಂಬ ಪದವೂ ಹರಾಮ್‌ಜಾದಾ ಎಂಬ ಪದವೂ ಮುಗಿಯುವುದು ಒಂದೇ ಮಾತಿನಲ್ಲಿ. 'ಜಾದಾ' ಎಂದರೆ ಹುಟ್ಟಿದವನು, ಅಷ್ಟೆ. ಒಬ್ಬನನ್ನು ಅರಮನೆಗೂ ಇನ್ನೊಬ್ಬನನ್ನು ತಿಪ್ಪೆಗೂ ಕಳಿಸುವುದು ಮುಂದಿನ ಪದ. ಹಾಗೆಯೇ ಆ ಬೈಗುಳ ಕೇಳಿಸುವುದು ಮಗನಿಗಾದರೂ ತಗಲುವುದು ತಾಯಿಗೆ. ಕನ್ನಡದ ಬೈಗುಳಗಳ ಪಟ್ಟಿಯನ್ನು ನಾನಿಲ್ಲಿ ಕೊಡುವುದಿಲ್ಲ, ಓದುಗರಿಗೆ ಗೊತ್ತಿದ್ದದ್ದೇ.

ಸಮಾಸದ ಗುಟ್ಟಿರುವುದು ವಿಭಕ್ತಿ ಪ್ರತ್ಯಯವನ್ನು ನುಂಗಿಬಿಡುವುದರಲ್ಲಿ. ಯುದ್ಧದಲ್ಲಿ ಹುಟ್ಟಿದ ಮಗುವೋ, ಯುದ್ಧದಿಂದ ಹುಟ್ಟಿದ ಮಗುವೋ, ಯುದ್ಧಕ್ಕೆ ಸಿಕ್ಕಿಕೊಂಡ ಮಗುವೋ, ವಿಗ್ರಹವಾಕ್ಯವನ್ನು ಕೇಳುವವರು ತಮಗೆ ಬೇಕಾದಂತೆ ಬಿಡಿಸಿಕೊಳ್ಳಬಹುದು. ಟುಸ್ಕರುಂಗೆ ಎಂಬುದರಲ್ಲಿ ಆ ಅವಕಾಶವಿಲ್ಲ. ಅಲ್ಲಿ ಅಪ್ಪ ಸಮವಸ್ತ್ರ ಹಾಕಿಕೊಂಡು ಮೊದಲೇ ನಿಂತಿದ್ದಾನೆ.

ಆ ಅಪ್ಪಂದಿರು ಬಂದದ್ದು 1940ರ ಏಪ್ರಿಲ್ 9ರಂದು. ನಾರ್ವೆಯ ಜನಸಂಖ್ಯೆ ಆಗ ಸುಮಾರು 30 ಲಕ್ಷ. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ ಮೂರೂವರೆ ಲಕ್ಷದಷ್ಟು ಜರ್ಮನ್ ಸೈನಿಕರಿದ್ದರು. ಮೀನುಗಾರರ ಪುಟ್ಟ ಹಳ್ಳಿಗಳಲ್ಲೂ ಊರಿನವರಷ್ಟೇ ಸಿಪಾಯಿಗಳು. ಪರಸ್ಪರ ಕೊಲ್ಲುವ ಕಾಳಗ ಎರಡು ತಿಂಗಳಲ್ಲಿ ಮುಗಿದಿತ್ತು. ಉಳಿದ ಐದು ವರ್ಷ ಒಂದೇ ಊರಿನಲ್ಲಿ ವಾಸ. ಇಪ್ಪತ್ತು ವರ್ಷದ ಹುಡುಗರು, ಇಪ್ಪತ್ತು ವರ್ಷದ ಹುಡುಗಿಯರು. ಕೆಲವು ಸಂಬಂಧಗಳು ಪ್ರೀತಿ, ಕೆಲವು ಹಸಿವು, ಕೆಲವು ಬಲವಂತ, ಕೆಲವು ಒಂದು ಸಂಜೆಯ ನೃತ್ಯ. 30,000ದಿಂದ 50,000ದಷ್ಟು ಹೆಣ್ಣುಮಕ್ಕಳಿಗೆ ಜರ್ಮನ್ ಸೈನಿಕರ ಒಡನಾಟವಿತ್ತೆಂದು ಚರಿತ್ರಕಾರರು ಅಂದಾಜು ಮಾಡಿದ್ದಾರೆ. ಮಕ್ಕಳು ಹತ್ತರಿಂದ ಹನ್ನೆರಡು ಸಾವಿರ.

ನಾಜಿಗಳಿಗೆ ಇದು ಮುಜುಗರದ ಸಂಗತಿಯಾಗಿರಲಿಲ್ಲ. ಪೋಲೆಂಡಿನಲ್ಲಿ ಸೈನಿಕನೊಬ್ಬ ಅಲ್ಲಿಯ ಹೆಣ್ಣಿನ ಜೊತೆ ಕಂಡರೆ ಶಿಕ್ಷೆ, ನಾರ್ವೆಯಲ್ಲಿ ಪ್ರೋತ್ಸಾಹ. ಏಕೆಂದರೆ ಅವರ ಜನಾಂಗ ಶಾಸ್ತ್ರದಲ್ಲಿ ನಾರ್ವೆಯವರು ಉತ್ತಮ 'ನಾರ್ಡಿಕ್' ರಕ್ತದವರು. 1935ರ ಡಿಸೆಂಬರಿನಲ್ಲಿ ಹಿಮ್ಲರ್ ಕಟ್ಟಿದ ಸಂಸ್ಥೆಯ ಹೆಸರೂ ಒಂದು ಸಮಾಸಪದವೇ: ಲೇಬೆನ್ಸ್‌ಬೋರ್ನ್. 'ಲೇಬೆನ್' ಎಂದರೆ ಜೀವ, 'ಬೋರ್ನ್' ಎಂದರೆ ಚಿಲುಮೆ. ಜೀವದ ಚಿಲುಮೆ. ಎಷ್ಟು ಚೆಲುವಾದ ಹೆಸರು! ಗ್ಯಾಸ್ ಕೋಣೆಗಳನ್ನು ನಡೆಸಿದವರಿಗೆ ಹೆಸರಿಡುವ ವಿದ್ಯೆ ಮಾತ್ರ ಚೆನ್ನಾಗಿ ಗೊತ್ತಿತ್ತು. 1941ರಲ್ಲಿ ಅದರ ಶಾಖೆ ನಾರ್ವೆಗೆ ಬಂತು. ಜರ್ಮನಿಯ ಹೊರಗೆ ಅತಿ ಹೆಚ್ಚು ಲೇಬೆನ್ಸ್‌ಬೋರ್ನ್ ಮನೆಗಳಿದ್ದದ್ದು ಇಲ್ಲಿಯೇ. ಊರವರ ಕಣ್ಣು ತಪ್ಪಿಸಿ ಹೆರುವ ಹುಡುಗಿಯರಿಗೆ ಅಲ್ಲಿ ಹಾಸಿಗೆ, ಹಾಲು, ದಾದಿ ಎಲ್ಲ ಸಿಗುತ್ತಿತ್ತು. 1942ರ ಜುಲೈ 28ರಂದು ಹಿಟ್ಲರನೇ ಒಂದು ಆಜ್ಞೆ ಹೊರಡಿಸಿ ನಾರ್ವೆ ಮತ್ತು ನೆದರ್ಲೆಂಡ್ಸ್‌ನ ಇಂಥ ಮಕ್ಕಳ ಪೋಷಣೆಯನ್ನು ಜರ್ಮನ್ ಆಡಳಿತದ ಮೇಲೆ ಹೊರಿಸಿದ. ಸುಮಾರು ಎಂಟು ಸಾವಿರ ಮಕ್ಕಳು ಲೇಬೆನ್ಸ್‌ಬೋರ್ನ್ ಕಡತಗಳಲ್ಲಿ ದಾಖಲಾದರು. ತಾಯಿಯ ಹೆಸರು, ತಂದೆಯ ಹೆಸರು, ಅವನ ಪಡೆ, ಅವನ ಊರು, ಎಲ್ಲವನ್ನೂ ಶಿಸ್ತಾಗಿ ಬರೆದಿಟ್ಟರು. ಈ ಕಡತಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಬಿಡುಗಡೆಯ ದಿನಗಳಲ್ಲಿ ಲೆಕ್ಕ ತೀರಿಸುವುದು ಶುರುವಾಯಿತು. ಜರ್ಮನರ ಕೈಗೊಂಬೆಯಾಗಿ ಆಳಿದ ವಿಡ್ಕುನ್ ಕ್ವಿಸ್ಲಿಂಗ್‌ನನ್ನು 1945ರ ಅಕ್ಟೋಬರ್ 24ರಂದು ಗುಂಡಿಟ್ಟು ಕೊಂದರು. (ಅವನ ಹೆಸರೇ ದ್ರೋಹಿ ಎಂಬ ಅರ್ಥದ ಪದವಾಗಿ ಎಷ್ಟೋ ಭಾಷೆಗಳಿಗೆ ಸೇರಿತು, ಪದ ಹುಟ್ಟುವ ಇನ್ನೊಂದು ಬಗೆ.) ಅವನಿಗೆ ನ್ಯಾಯಾಲಯವಿತ್ತು, ವಕೀಲರಿದ್ದರು. ಹೆಣ್ಣುಮಕ್ಕಳಿಗೆ ಇದ್ದದ್ದು ಕತ್ತರಿ. ಬೀದಿಯಲ್ಲಿ ಹಿಡಿದು ನಿಲ್ಲಿಸಿ ತಲೆಗೂದಲು ಕತ್ತರಿಸಿದರು. ಸಾವಿರಾರು ಮಂದಿಯನ್ನು ವಿಚಾರಣೆಯಿಲ್ಲದೆ ಶಿಬಿರಗಳಲ್ಲಿ ಕೂಡಿಹಾಕಿದರು. ಓಸ್ಲೋ ಎದುರಿಗಿರುವ ಹೋವೆದ್‌ಓಯಾ ಎಂಬ ದ್ವೀಪದಲ್ಲಿ ಅಂಥದೊಂದು ಶಿಬಿರವಿತ್ತು. ಜರ್ಮನ್ ಸೈನಿಕನನ್ನು ಪ್ರೀತಿಸುವುದು ನಾರ್ವೆಯ ಯಾವ ಕಾನೂನಿನಲ್ಲೂ ಅಪರಾಧವಾಗಿರಲಿಲ್ಲ. ಹಾಗಾಗಿ, ಜನರ ಸಿಟ್ಟಿನಿಂದ ಅವರನ್ನು ಕಾಪಾಡಲಿಕ್ಕೆ, ಗುಹ್ಯರೋಗ ಹರಡದಿರಲಿಕ್ಕೆ ಎಂಬ ಕಾರಣಗಳನ್ನು ಹೇಳಲಾಯಿತು. ಆಗಸ್ಟಿನಲ್ಲಿ ಪೌರತ್ವದ ಕಾನೂನನ್ನೇ ತಿದ್ದಿದರು. ಯುದ್ಧಕಾಲದಲ್ಲಿ ಜರ್ಮನರನ್ನು ಮದುವೆಯಾಗಿ ದೇಶ ಬಿಟ್ಟ ಹೆಣ್ಣು ನಾರ್ವೆಯ ಪೌರತ್ವ ಕಳೆದುಕೊಳ್ಳಬೇಕು ಎಂದಾಯಿತು, ಅದೂ ಹಿಂದಿನ ತಾರೀಖಿನಿಂದ. ಅನೇಕರನ್ನು ಮಕ್ಕಳ ಸಮೇತ, ಬಾಂಬಿನಿಂದ ಪಾಳುಬಿದ್ದ ಜರ್ಮನಿಗೆ ಕಳಿಸಿದರು. ಯುದ್ಧದ ಸಮಯದಲ್ಲಿ 28 ಮಂದಿ ನಾರ್ವೆಯ ಗಂಡಸರು ಜರ್ಮನ್ ಹೆಂಗಸರನ್ನು ಮದುವೆಯಾಗಿದ್ದರಂತೆ. ಅವರಲ್ಲಿ ಒಬ್ಬನ ಪೌರತ್ವಕ್ಕೂ ಏನೂ ಆಗಲಿಲ್ಲ. ದೇಶದ ಇಜ್ಜತ್ತು ಹೆಣ್ಣಿನ ಮೈಯಲ್ಲಿರುತ್ತದೆ ಎಂಬ ನಂಬಿಕೆ ನಮ್ಮ ಕಡೆಯ ಸ್ವತ್ತು ಎಂದುಕೊಂಡವರು ಈ 28ರ ಲೆಕ್ಕವನ್ನು ನೋಡಬೇಕು.

ಯುದ್ಧಶಿಶು ಸಮಿತಿ ಕೂತದ್ದು ಈ ಗದ್ದಲದ ನಡುವೆ. ಮಕ್ಕಳನ್ನೆಲ್ಲ ಜರ್ಮನಿಗೆ ಸಾಗಹಾಕಬೇಕು ಎಂದು ಪತ್ರಿಕೆಗಳಲ್ಲಿ ಕೂಗೆದ್ದಿತ್ತು. ವಲಸಿಗರನ್ನು ಹುಡುಕಿಕೊಂಡು ಆಸ್ಟ್ರೇಲಿಯಾದ ನಿಯೋಗವೊಂದು ಯುರೋಪಿಗೆ ಬಂದಾಗ, ಈ ಮಕ್ಕಳನ್ನು ಅಲ್ಲಿಗೆ ಕಳಿಸುವ ಮಾತೂ ನಡೆದು ನಿಂತುಹೋಯಿತು. ಹಾಲು ಕುಡಿಯುವ ಕೂಸುಗಳು ದೊಡ್ಡವರಾಗಿ ಜರ್ಮನಿಯ ಐದನೆಯ ದಂಡಾದಾರು ಎಂದು ಭಯಪಟ್ಟವರಿದ್ದರು. ಓಸ್ಲೋದ ಪ್ರಮುಖ ಮನೋವೈದ್ಯರೊಬ್ಬರು, ಈ ತಾಯಂದಿರಲ್ಲಿ ಬುದ್ಧಿ ಕಡಿಮೆಯವರೇ ಬಹಳ, ಅದು ಮಕ್ಕಳಿಗೂ ಇಳಿದುಬರುತ್ತದೆ ಎಂಬರ್ಥದ ಅಭಿಪ್ರಾಯ ಬರೆದುಕೊಟ್ಟರು. ರಕ್ತದ ಶಾಸ್ತ್ರ ಹೇಳಿದ ಹಿಟ್ಲರ್ ಸತ್ತು ಕೆಲವೇ ತಿಂಗಳಾಗಿತ್ತು. ಶಾಸ್ತ್ರ ಸತ್ತಿರಲಿಲ್ಲ, ಉತ್ತಮವೆಂದಿದ್ದ ರಕ್ತ ಅಧಮವಾಯಿತು, ಅಷ್ಟೇ ವ್ಯತ್ಯಾಸ.

ಸಮಿತಿಯ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಮಕ್ಕಳು ನಾರ್ವೆಯಲ್ಲೇ ಇರಲಿ, ಅವರ ಬಗ್ಗೆ ಜನರಿಗೆ ತಿಳಿವಳಿಕೆ ಕೊಡೋಣ ಎಂಬ ಕಡೆಗೇ ಕೊನೆಗೆ ಅದರ ಶಿಫಾರಸು ವಾಲಿತು. ಸರಕಾರ ಅದನ್ನು ಕೇಳಿ ಸುಮ್ಮನಾಯಿತು. ಗಾಯವನ್ನು ಕೆರೆಯುವುದು ಬೇಡ, ಕಾಲವೇ ಮಾಯಿಸುತ್ತದೆ ಎಂಬ ಧೋರಣೆ. ಪದವೂ ಸಮಿತಿಯ ವರದಿಯ ಜೊತೆ ಕಪಾಟು ಸೇರಿತು. ಬೀದಿಯ ಪದಕ್ಕೆ ಕಪಾಟು ಇರಲಿಲ್ಲ. ಅದು ಶಾಲೆಯ ಅಂಗಳದಲ್ಲಿ, ಅಂಗಡಿಯ ಸಾಲಿನಲ್ಲಿ, ಎಷ್ಟೋ ಸಲ ಮಲತಂದೆಯ ಬಾಯಲ್ಲಿ, ಮನೆಯ ಊಟದ ಮೇಜಿನಲ್ಲಿ ಓಡಾಡಿಕೊಂಡಿತ್ತು. ಲೇಬೆನ್ಸ್‌ಬೋರ್ನ್ ಮನೆಗಳಲ್ಲಿ ಯಾರೂ ಬಂದು ಕರೆದೊಯ್ಯದೆ ಉಳಿದ ಕೆಲವು ಮಕ್ಕಳನ್ನು ಬುದ್ಧಿಮಾಂದ್ಯರೆಂದು ಬರೆದು ಅಂಥ ಆಶ್ರಮಗಳಿಗೆ ಸೇರಿಸಿದರು. ಅವರಲ್ಲಿ ಕೆಲವರು ಹೊರಗೆ ಬರುವಾಗ ಬಾಲ್ಯ ಮುಗಿದುಹೋಗಿತ್ತು. ಬೇರೆ ಕೆಲವರನ್ನು ದತ್ತು ಕೊಟ್ಟು ಹೆಸರು ಬದಲಿಸಲಾಯಿತು. ತಾನು ಯಾರೆಂಬುದು ಊರಿಗೆಲ್ಲ ಗೊತ್ತಿದ್ದು ತನಗೊಬ್ಬನಿಗೆ ಗೊತ್ತಿಲ್ಲದ ಮಕ್ಕಳೂ ಇದ್ದರು.

ಇದೆಲ್ಲ ಯಾವ ದೇಶದಲ್ಲಿ ನಡೆಯಿತು ಎಂಬುದನ್ನು ಮರೆಯಬಾರದು. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ತಂದೆಯ ಹೆಸರಿನ ಮೇಲೆ, ಆಸ್ತಿಯ ಮೇಲೆ ಹಕ್ಕಿದೆ ಎಂದು 1915ರಷ್ಟು ಹಿಂದೆಯೇ ಕಾನೂನು ಮಾಡಿದ ದೇಶ ನಾರ್ವೆ. ಯೂಹಾನ್ ಕಾಸ್ಟ್‌ಬೆರ್ಗ್ ಎಂಬ ಮಂತ್ರಿ, ಅವರ ಬೆನ್ನಿಗೆ ನಿಂತ ಕಟ್ಟಿ ಆಂಕರ್ ಮೋಲರ್ ಎಂಬ ಹೆಣ್ಣುಮಗಳು, ವರ್ಷಗಟ್ಟಲೆ ಹೋರಾಡಿ ತಂದ ಕಾನೂನು ಅದು. ಜಗತ್ತು ಅದನ್ನು ಬೆರಗಿನಿಂದ ನೋಡಿತ್ತು. ಮೂವತ್ತು ವರ್ಷಗಳ ಮೇಲೆ ಅದೇ ದೇಶದಲ್ಲಿ ತಂದೆಯ ಹೆಸರೇ ಮಗುವಿನ ಅಪರಾಧವಾಯಿತು.

ಓಡಿಹೋದವರೂ ಇದ್ದಾರೆ. ನಾರ್ವಿಕ್ ಸಮೀಪದ ಬ್ಯೋರ್ಕೋಸೆನ್ ಎಂಬಲ್ಲಿ 1945ರ ನವೆಂಬರ್ 15ರಂದು ಹುಟ್ಟಿದ ಹೆಣ್ಣುಕೂಸೊಂದನ್ನು ಅಜ್ಜಿ ಎತ್ತಿಕೊಂಡು ಗಡಿ ದಾಟಿ ಸ್ವೀಡನ್ನಿಗೆ ಹೋದಳು. ತಾಯಿ 1947ರಲ್ಲಿ ತೀರಿಕೊಂಡಳು. ಆ ಕೂಸೇ ಮುಂದೆ 'ಅಬ್ಬಾ' ತಂಡದ ಗಾಯಕಿಯಾಗಿ ಲೋಕವೆಲ್ಲ ಅರಿತ ಆನಿ-ಫ್ರಿಡ್ ಲಿಂಗ್‌ಸ್ಟಾಡ್. ತಂದೆ ಸತ್ತಿದ್ದಾನೆಂದೇ ಅವಳು ನಂಬಿದ್ದಳು. 1977ರಲ್ಲಿ ಜರ್ಮನಿಯ ತರುಣರ ಪತ್ರಿಕೆಯೊಂದರಲ್ಲಿ ಅವಳ ಹುಟ್ಟಿನ ವಿವರ ಅಚ್ಚಾಗಿ, ಅದು ಆ ತಂದೆಯ ಮನೆಯವರ ಕಣ್ಣಿಗೇ ಬಿತ್ತು. ಆತ ಸ್ಟಾಕ್‌ಹೋಮಿಗೆ ಬಂದು ಮಗಳನ್ನು ನೋಡಿದ. ಕಥೆಗಾರನೊಬ್ಬ ಹೀಗೆ ಬರೆದರೆ ಸಂಪಾದಕರು ಕಾಕತಾಳೀಯ ಅತಿಯಾಯಿತೆಂದು ಹಿಂದಿರುಗಿಸುತ್ತಿದ್ದರು.

ಗಡಿ ದಾಟಿದರೆ ಪದದ ಅರ್ಥವೂ ಬದಲಾಗುತ್ತದೆ. ಸ್ವೀಡಿಶ್ ಭಾಷೆಯಲ್ಲೂ 'ಕ್ರಿಗ್ಸ್‌ಬಾರ್ನ್' ಇದೆ; ಅಕ್ಷರ ಅಕ್ಷರವೂ ಅದೇ. ಅಲ್ಲಿ ಅದು ಯುದ್ಧದ ದಿನಗಳಲ್ಲಿ ಫಿನ್‌ಲೆಂಡಿನ ತಾಯಂದಿರು ಬಾಂಬುಗಳಿಂದ ಉಳಿಸಲು ರೈಲು ಹತ್ತಿಸಿ, ಕೊರಳಿಗೆ ಚೀಟಿ ಕಟ್ಟಿ ಕಳಿಸಿದ ಸುಮಾರು ಎಪ್ಪತ್ತು ಸಾವಿರ ಮಕ್ಕಳ ಹೆಸರು. ಅಲ್ಲಿ ವಿಗ್ರಹವಾಕ್ಯ 'ಯುದ್ಧದಿಂದ ಪಾರಾದ ಮಗು'. ಡಚ್ಚರಲ್ಲಿ 'ಮೊಫೆನ್‌ಕಿಂಡ್' ಎಂಬ ಮಾತಿತ್ತು; 'ಮೊಫ್' ಎಂದರೆ ಜರ್ಮನರನ್ನು ಹೀಯಾಳಿಸುವ ಪದ. ಫ್ರಾನ್ಸಿನಲ್ಲೂ ಅಂಥದೇ ಒಂದು ಹೀನ ಮಾತಿತ್ತು.

ಹೆಸರು ಕೊಟ್ಟ ಮಾತ್ರಕ್ಕೆ ಗೌರವ ಬರುವುದಿಲ್ಲ ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ನಿದರ್ಶನವಿದೆ. 1971ರ ಯುದ್ಧದಲ್ಲಿ ಅತ್ಯಾಚಾರಕ್ಕೆ ಗುರಿಯಾದ ಹೆಂಗಸರಿಗೆ ಬಾಂಗ್ಲಾದೇಶದ ಹೊಸ ಸರಕಾರ 'ಬೀರಾಂಗನಾ', ಅಂದರೆ ವೀರಾಂಗನೆ ಎಂಬ ಬಿರುದು ಕೊಟ್ಟಿತು. ಬಂಗಾಳಿ ಬೀದಿಗಳು ಒಂದು ಸ್ವರವನ್ನು ಬದಲಿಸಿ ಅದನ್ನು ವಾರಾಂಗನೆ ಮಾಡಿಬಿಟ್ಟವು. ವಿವರಿಸುವ ಅಗತ್ಯವಿಲ್ಲ, ಎರಡೂ ಪದಗಳು ಕನ್ನಡದಲ್ಲೂ ಇವೆ. ಆ ತಾಯಂದಿರ ಮಕ್ಕಳಿಗೆ ಬಂಗಾಳಿಯಲ್ಲಿ ಇರುವ ಹೆಸರು 'ಜುದ್ಧೊಶಿಶು'. ಮೇಲಿಂದ ಇಳಿದುಬಂದ ಪದವನ್ನು ಬೀದಿ ತನಗೆ ಬೇಕಾದಂತೆ ತಿರುಚಿಕೊಳ್ಳುತ್ತದೆ.

ನಾರ್ವೆಯಲ್ಲಿ ಪದವನ್ನು ಕಪಾಟಿನಿಂದ ತೆಗೆದವರು ಆ ಮಕ್ಕಳೇ. 1980ರ ದಶಕದಲ್ಲಿ ಅವರು ನಲವತ್ತು ದಾಟಿದ್ದರು. ದತ್ತು ಹೋದವರಿಗೆ ತಮ್ಮ ಹೆತ್ತವರು ಯಾರೆಂದು ತಿಳಿಯುವ ಹಕ್ಕು 1986ರ ದತ್ತು ಕಾನೂನಿನಿಂದ ಸಿಕ್ಕಿತು. ಅದೇ ವರ್ಷ ವೆಸ್ಲೆಮೋಯ್ ಶೆಂಡ್‌ಸ್ಲಿ ಎಂಬ ಲೇಖಕಿ ಇಂಥ ಒಬ್ಬ ಮಗಳ ಕಥೆಯನ್ನು 'ನಾಚಿಕೆಯ ಮಗು' ಎಂಬರ್ಥದ ಹೆಸರಿಟ್ಟು ಪುಸ್ತಕ ಮಾಡಿದರು. ಓದಿದವರು ಒಬ್ಬರಿಗೊಬ್ಬರು ಪತ್ರ ಬರೆದುಕೊಂಡರು, ಭೇಟಿಯಾದರು. ಆ ದಶಕದ ನಡುವಿನಲ್ಲಿ ಅವರ ಸಂಘ ಹುಟ್ಟಿತು. ಅದಕ್ಕೆ ಇಟ್ಟ ಹೆಸರು ನಾರ್ವೆಯ ಕ್ರಿಗ್ಸ್‌ಬಾರ್ನ್ ಸಂಘ.

ಈ ಆಯ್ಕೆಯನ್ನು ಸ್ವಲ್ಪ ನಿಂತು ನೋಡಬೇಕು. ಬೈಗುಳವನ್ನೇ ಬಾವುಟ ಮಾಡಿಕೊಂಡ ಜನರಿದ್ದಾರೆ, ಅದೂ ಒಂದು ದಾರಿ. ಇವರು ಹಾಗೆ ಮಾಡಲಿಲ್ಲ. ಹೊಸ ಪದವನ್ನೂ ಕಟ್ಟಲಿಲ್ಲ. ತಮ್ಮ ಬಗ್ಗೆ ತಮ್ಮನ್ನು ಕೇಳದೆ ನಿರ್ಧರಿಸಲು ಕೂತಿದ್ದ ಸಮಿತಿಯ ಒಣ ಪದವನ್ನೇ ಎತ್ತಿಕೊಂಡರು. ಆ ಪದದಲ್ಲಿ ಅಪ್ಪನಿರಲಿಲ್ಲ, ಅಮ್ಮನ ಮೇಲೆ ಕೆಸರಿರಲಿಲ್ಲ, ಮರಿಯ ಜಾಗದಲ್ಲಿ ಮಗುವಿತ್ತು. ಹುಟ್ಟಿಗೆ ಯಾರಾದರೂ ಹೊಣೆಯಾಗಬೇಕಾದರೆ ಅದು ಯುದ್ಧವೇ ಆಗಲಿ ಎಂಬಂತೆ. 1998ರಲ್ಲಿ ರಾಷ್ಟ್ರೀಯ ದಾಖಲೆ ಭಂಡಾರದ ಕೋರೆ ಓಲ್ಸೆನ್ ಈ ಚರಿತ್ರೆಯನ್ನು ದಾಖಲೆಗಳ ಆಧಾರದಲ್ಲಿ ಬರೆದಾಗ ಪುಸ್ತಕದ ಹೆಸರಿಗೆ ಸಮಾಸವನ್ನು ಬಿಡಿಸಿಯೇ ಇಟ್ಟರು: 'ಯುದ್ಧದ ಮಕ್ಕಳು'. ನುಂಗಿಹೋಗಿದ್ದ ಷಷ್ಠೀ ವಿಭಕ್ತಿ ಮತ್ತೆ ಹೊರಗೆ ಬಂತು. ಓಲ್ಸೆನ್‌ಗೆ ಆಧಾರವಾದದ್ದರಲ್ಲಿ ಆ ಲೇಬೆನ್ಸ್‌ಬೋರ್ನ್ ಕಡತಗಳೂ ಇದ್ದವು. ರಕ್ತದ ಲೆಕ್ಕವಿಡಲು ನಾಜಿಗಳು ಬರೆದಿಟ್ಟದ್ದು, ಐವತ್ತು ವರ್ಷಗಳ ಮೇಲೆ, ಅಪ್ಪನ ಹೆಸರು ಹುಡುಕಿಕೊಂಡು ಬಂದವರಿಗೆ ದಾರಿಯಾಯಿತು.

2000ದ ಹೊಸ ವರ್ಷದ ಭಾಷಣದಲ್ಲಿ ಪ್ರಧಾನಿ ಶೆಲ್ ಮಾಗ್ನೆ ಬೋಂಡೆವಿಕ್ ಈ ಮಕ್ಕಳ ಕ್ಷಮೆ ಕೇಳಿದರು. ಕ್ಷಮೆ ಬೇರೆ, ನ್ಯಾಯ ಬೇರೆ. ಏಳು ಮಂದಿ ಆಗಲೇ ಸರಕಾರದ ಮೇಲೆ ದಾವೆ ಹೂಡಿದ್ದರು. ಕಾಲ ಮೀರಿದೆ ಎಂದು ನ್ಯಾಯಾಲಯ ತಳ್ಳಿಹಾಕಿತು. ಅಪರಾಧ ಮಾಡಿದವರೇ ನಲವತ್ತು ವರ್ಷ ಕಡತ ಮುಚ್ಚಿಟ್ಟು ಕೊನೆಗೆ ತಡವಾಯಿತು ಎಂದರೆ ಅದನ್ನು ಏನೆನ್ನಬೇಕು? 2005ರಲ್ಲಿ ಸಂಸತ್ತಿನ ಒತ್ತಾಯದಿಂದ ಪರಿಹಾರದ ಏರ್ಪಾಡಾಯಿತು: ಕಷ್ಟಪಟ್ಟದ್ದನ್ನು ತಿಳಿಸಿದವರಿಗೆ 20,000 ಕ್ರೋನರ್; ದಾಖಲೆ ತೋರಿಸಬಲ್ಲವರಿಗೆ ಹೆಚ್ಚೆಂದರೆ ಎರಡು ಲಕ್ಷ. ಶಾಲೆಯ ಅಂಗಳದಲ್ಲಿ ತಿಂದ ಏಟಿಗೆ ದಾಖಲೆ ಎಲ್ಲಿಂದ ತರುವುದು? ನೂರೈವತ್ತಕ್ಕೂ ಹೆಚ್ಚು ಮಂದಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2007ರಲ್ಲಿ ಆ ನ್ಯಾಯಾಲಯ ಅವರ ಅರ್ಜಿಯನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ.

ತಾಯಂದಿರ ಸರದಿ ಬಂದದ್ದು ಇನ್ನೂ ತಡವಾಗಿ. ಅವರ ಬಗ್ಗೆ ಅಧ್ಯಯನ ಮಾಡುವ ಕೆಲಸವನ್ನು ಸರಕಾರ ಓಸ್ಲೋದ ಹಾಲೋಕಾಸ್ಟ್ ಮತ್ತು ಅಲ್ಪಸಂಖ್ಯಾತರ ಅಧ್ಯಯನ ಕೇಂದ್ರಕ್ಕೆ ವಹಿಸಿತು. ಆ ಕೇಂದ್ರ ಇರುವುದು ಕ್ವಿಸ್ಲಿಂಗ್ ವಾಸವಾಗಿದ್ದ ಬಂಗಲೆಯಲ್ಲಿ. ಕಾನೂನಿನ ಆಳ್ವಿಕೆಯ ಮೂಲತತ್ವಗಳನ್ನೇ ಅಧಿಕಾರಿಗಳು ಮುರಿದಿದ್ದರು ಎಂಬುದು ಅಧ್ಯಯನದಿಂದ ಹೊರಬಂತು. 2018ರ ಅಕ್ಟೋಬರ್ 17ರಂದು ಪ್ರಧಾನಿ ಎರ್ನಾ ಸುಲ್ಬರ್ಗ್ ಸರಕಾರದ ಪರವಾಗಿ ಕ್ಷಮೆ ಕೇಳಿದರು. ಅಂದು ಬಳಕೆಯಾದ ಪದ ಟುಸ್ಕರ್‌ಟೋಸ್ ಅಲ್ಲ, ಟುಸ್ಕರ್‌ಯೆಂತೆ. 'ಯೆಂತೆ' ಎಂದರೆ ಹುಡುಗಿ, ಬರೀ ಹುಡುಗಿ. ಉತ್ತರಪದಕ್ಕೆ ಮರ್ಯಾದೆ ಸಿಕ್ಕಿತು. ಮೊದಲ ಪದ ಇದ್ದಲ್ಲೇ ಇದೆ. ಅದನ್ನು ಕೇಳಿಸಿಕೊಳ್ಳಲು ಆ ಹುಡುಗಿಯರಲ್ಲಿ ಉಳಿದಿದ್ದವರು ಕೆಲವರೇ. ಉಳಿದವರ ಪರವಾಗಿ ಕೇಳಿಸಿಕೊಂಡವರು ಆಗಲೇ ಎಪ್ಪತ್ತು ದಾಟಿದ್ದ ಅವರ ಮಕ್ಕಳು.